ತಂಗಿಗೆ ಸಿನಿಮಾದಲ್ಲಿ ತೆರೆ ಹಿಂದಿನ ಕೆಲಸ ಬೇಕಂತೆ. 2.8 ಲಕ್ಷ ಕಟ್ಟಬಹುದಾ?

ಅರಸೀಕೆರೆ_ಅಕ್ಕ
ಎಲ್ಲರಿಗೂ ನಮಸ್ಕಾರ. ಇಲ್ಲಿ ಸಿನಿಮಾ, ಸೀರಿಯಲ್ ಕೆಲಸದವರು ಸುಮಾರು ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ನನ್ನ ತಂಗಿ ಈ ವರ್ಷ ಸೆಕೆಂಡ್ ಪಿಯುಸಿ ಸೈನ್ಸ್ ಮುಗಿಸಿದಳು. ಮಾರ್ಕ್ಸ್ ಪರವಾಗಿಲ್ಲ. ಅಪ್ಪನಿಗೆ ಇಂಜಿನಿಯರಿಂಗ್ ಆಸೆ, ಇವಳಿಗೆ ಸಿನಿಮಾ ಹುಚ್ಚು. ನಟಿ ಆಗುವುದಕ್ಕಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಊರಲ್ಲಿ ಎಲ್ಲರೂ ಹಾಗೇ ಅಂದುಕೊಂಡು ಅಮ್ಮನ ತಲೆ ತಿಂದಿದ್ದಾರೆ. "ತೆರೆ ಹಿಂದೆ ಕೆಲಸ ಮಾಡ್ತೀನಿ" ಅನ್ನುತ್ತಾಳೆ. ಯಾವ ಕೆಲಸ ಅಂದರೆ "ಎಲ್ಲಾ" ಅನ್ನುತ್ತಾಳೆ.

ಬೆಂಗಳೂರಲ್ಲಿ ಒಂದು ಖಾಸಗಿ ಇನ್‌ಸ್ಟಿಟ್ಯೂಟಿಗೆ ಹೋಗಿ ಬಂದೆವು. ಆರು ತಿಂಗಳ ಕೋರ್ಸ್. ಡೈರೆಕ್ಷನ್, ಕ್ಯಾಮೆರಾ, ಎಡಿಟಿಂಗ್, ಸೌಂಡ್ ಎಲ್ಲಾ ಸೇರಿ 2.8 ಲಕ್ಷ. ನೂರಕ್ಕೆ ನೂರು ಕೆಲಸ ಗ್ಯಾರಂಟಿ ಅಂದರು. ಸೋಮವಾರದೊಳಗೆ 50 ಸಾವಿರ ಕಟ್ಟಿದರೆ ಡಿಸ್ಕೌಂಟ್ ಅಂತೆ. ಅಪ್ಪನ ಹತ್ತಿರ ಕೊಬ್ಬರಿ ಮಾರಿದ ದುಡ್ಡು ಇದೆ, ಆದರೆ ಅದು ಬೋರ್‌ವೆಲ್‌ಗೆ ಅಂತ ಇಟ್ಟಿದ್ದು. ಕಟ್ಟೋದಾ, ಬೇಡವಾ?

ಗಾಂಧಿನಗರ_ಗಿರಾಕಿ
ಬೋರ್‌ವೆಲ್ ಹಾಕಿಸಿ. ಗ್ಯಾರಂಟಿ ಅಂದ ಕೂಡಲೇ ಎದ್ದು ಬರಬೇಕಿತ್ತು. ಈ ಲೈನಲ್ಲಿ ನಿರ್ಮಾಪಕನಿಗೇ ಗ್ಯಾರಂಟಿ ಇಲ್ಲ.

ಕೊಡಗೀಹಳ್ಳಿ_ಕುಮಾರ
ಬೋರ್‌ವೆಲ್‌ಗೆ ಮಾತ್ರ ಗ್ಯಾರಂಟಿ ಇದೆಯಾ ಗುರು? ನಮ್ಮದು 900 ಅಡಿ ಹೋಗಿ ಬರೀ ಧೂಳು ಬಂತು.

ಟೈಮ್‌ಲೈನ್_ತಿಮ್ಮ
ನಾನು ಎಡಿಟರ್. ಎಂಟು ವರ್ಷದ ಹಿಂದೆ ಇಂಥದ್ದೇ ಒಂದು ಜಾಗದಲ್ಲಿ ದುಡ್ಡು ಕಟ್ಟಿದ್ದೆ, ಹೆಸರು ಬೇಡ. ಬ್ಯಾಚಿನಲ್ಲಿ 32 ಜನ, ಕ್ಯಾಮೆರಾ ಒಂದು. ಆರು ತಿಂಗಳಲ್ಲಿ ಅದು ನನ್ನ ಕೈಗೆ ಸಿಕ್ಕಿದ್ದು ನಾಲ್ಕು ಸಲ. ಅದರಲ್ಲಿ ಒಂದು ಸಲ ಸರ್ಟಿಫಿಕೇಟ್ ಫೋಟೋಗೆ ಪೋಸ್ ಕೊಡಲು. ಕೊನೆಗೆ "ಪ್ಲೇಸ್‌ಮೆಂಟ್" ಅಂತ ಕಳಿಸಿದ್ದು ಮದುವೆ ವಿಡಿಯೋ ಅಂಗಡಿಗೆ. ನಿಜ ಹೇಳಬೇಕಂದ್ರೆ ಕೆಲಸ ಕಲಿತದ್ದು ಆ ಅಂಗಡಿಯಲ್ಲೇ. ಮೂರು ಕ್ಯಾಮೆರಾದಲ್ಲಿ ಬಂದ ಎಂಟು ಗಂಟೆ ಮುಹೂರ್ತವನ್ನು ಎರಡು ಗಂಟೆಗೆ ಇಳಿಸಿ, ಯಾವ ಚಿಕ್ಕಪ್ಪನೂ ಬಿಟ್ಟುಹೋಗದ ಹಾಗೆ ಕತ್ತರಿಸಿದವನಿಗೆ ಎಡಿಟಿಂಗ್ ಬರುತ್ತದೆ.

ಅಕ್ಕ, ಮೊದಲು ಅವಳಿಂದ "ಎಲ್ಲಾ" ಅನ್ನೋ ಮಾತು ಬಿಡಿಸಿ. ಸೆಟ್ಟಿನಲ್ಲಿ "ಎಲ್ಲಾ" ಅನ್ನುವ ಡಿಪಾರ್ಟ್‌ಮೆಂಟ್ ಇಲ್ಲ. ಕ್ಯಾಮೆರಾ, ಲೈಟ್, ಸೌಂಡ್, ಆರ್ಟ್, ಕಾಸ್ಟ್ಯೂಮ್, ಮೇಕಪ್, ಡೈರೆಕ್ಷನ್ ಟೀಮ್, ಪ್ರೊಡಕ್ಷನ್, ಎಡಿಟ್, ಡಿಐ (ಬಣ್ಣ ತಿದ್ದುವುದು), ಗ್ರಾಫಿಕ್ಸ್. ಇದರಲ್ಲಿ ಒಂದಕ್ಕೆ ಹೋಗಿ "ನನಗೆ ಇಷ್ಟು ಬರುತ್ತೆ" ಅಂದರೆ ಕುರ್ಚಿ ಕೊಡದಿದ್ದರೂ ನಿಲ್ಲಲು ಜಾಗ ಕೊಡುತ್ತಾರೆ.

ಕಲ್ಬುರ್ಗಿ_ರೊಟ್ಟಿ
ಯಾವ ಕೋರ್ಸೂ ಬ್ಯಾಡ್ರಿ. ಕೆಜಿಎಫ್ 2 ಎಡಿಟ್ ಮಾಡಿದ ಉಜ್ವಲ್ ಕುಲಕರ್ಣಿ ನಮ್ಮ ಕಲಬುರಗಿ ಹುಡುಗ. ಹತ್ತೊಂಬತ್ತು ವಯಸ್ಸಿಗೇ ಆ ಕೆಲಸ ಸಿಕ್ಕಿತು. ಯೂಟ್ಯೂಬ್‌ನಾಗ ಸಿನಿಮಾ ತುಣುಕು ಜೋಡಿಸಿ ಫ್ಯಾನ್ ಎಡಿಟ್ ಮಾಡಿ ಮ್ಯಾಲೆ ಬಂದಾನ.

ಟೈಮ್‌ಲೈನ್_ತಿಮ್ಮ
ಒಪ್ಪುತ್ತೇನೆ, ಖುಷಿಯೂ ಇದೆ. ಆದರೆ ಆ ವರ್ಷ ಫ್ಯಾನ್ ಎಡಿಟ್ ಮಾಡಿದವರು ಎಷ್ಟು ಸಾವಿರ ಜನ? ಲಾಟರಿ ಹೊಡೆದವನ ಮನೆ ತೋರಿಸಿ ಟಿಕೆಟ್ ಮಾರಬೇಡಿ.

ಕಲ್ಬುರ್ಗಿ_ರೊಟ್ಟಿ
ಲಾಟರಿ ಅಂದ್ರ ಹೆಂಗ್ರೀ? ಅವ ದುಡದಾನ. ಬೆಂಗಳೂರಾಗ ಕುಂತವರಿಗೆ ಬ್ಯಾರೆ ಊರಿನ ಹುಡುಗ ಮ್ಯಾಲೆ ಬಂದ್ರ ಅದು ಲಾಟರಿ!

ಟೈಮ್‌ಲೈನ್_ತಿಮ್ಮ
ನಾನು ಮೊಳಕಾಲ್ಮೂರಿನವನು ಸ್ವಾಮಿ. ಮಾತು ತಪ್ಪಾಯ್ತು, ವಾಪಸ್ ತಗೊಂಡೆ.

ಹಳೇ_ರೀಲು
ಖಾಸಗಿ ಇನ್‌ಸ್ಟಿಟ್ಯೂಟ್ ಬೇಡ ಅಂದರೆ ಓದೇ ಬೇಡ ಅಂತಲ್ಲ. ಹೆಸರಘಟ್ಟದಲ್ಲಿ ಸರ್ಕಾರಿ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ ಇದೆ. ಸಿನಿಮಾಟೋಗ್ರಫಿಗೂ ಸೌಂಡ್‌ಗೂ ಡಿಪ್ಲೊಮಾ, ಸರ್ಕಾರಿ ಫೀಸು. ಎಸ್‌ಎಸ್‌ಎಲ್‌ಸಿ ಮೇಲೇ ಸೇರಬಹುದು. ಒಮ್ಮೆ ಖುದ್ದಾಗಿ ಹೋಗಿ ಈ ವರ್ಷದ ಪ್ರವೇಶದ ವಿವರ ಕೇಳಿ ಬನ್ನಿ. ನಮ್ಮ ಕಾಲಕ್ಕೆ ಆ ಕೋರ್ಸ್ ಬೆಂಗಳೂರಿನ ಎಸ್‌ಜೆಪಿ ಪಾಲಿಟೆಕ್ನಿಕ್‌ನಲ್ಲಿ ಇತ್ತು.

ಕ್ಯಾಮೆರಾ ಅಸಿಸ್ಟೆಂಟ್ ಆಗಿ ನನ್ನ ಮೊದಲ ಎರಡು ವರ್ಷ ಏನು ಗೊತ್ತಾ? ಕಪ್ಪು ಚೀಲದೊಳಗೆ ಎರಡೂ ಕೈ ತೂರಿಸಿ ಮ್ಯಾಗಜಿನ್‌ಗೆ, ಅಂದರೆ ಕ್ಯಾಮೆರಾದ ಫಿಲ್ಮ್ ಡಬ್ಬಿಗೆ, ಫಿಲ್ಮ್ ತುಂಬುವುದು. ಕಣ್ಣಿಗೆ ಕೆಲಸ ಇಲ್ಲ, ಬೆರಳೇ ನೋಡಬೇಕು. 400 ಅಡಿ ರೋಲ್ ಅಂದರೆ ನಾಲ್ಕೂವರೆ ನಿಮಿಷವೂ ಪೂರ್ತಿ ಇಲ್ಲ. ಮಾರ್ಚ್ ತಿಂಗಳ ಬಿಸಿಲಿಗೆ ಕೈ ಬೆವರಿ ಒಂದು ಸಲ ನೆಗೆಟಿವ್ ಮೇಲೆ ಬೆರಳಚ್ಚು ಬಿತ್ತು. ಲ್ಯಾಬಿನಿಂದ ಬಂದಾಗ ನಾಯಕಿಯ ಕೆನ್ನೆ ಮೇಲೆ ನನ್ನ ಹೆಬ್ಬೆಟ್ಟು! ಕ್ಯಾಮೆರಾಮನ್ ಬೈಯಲಿಲ್ಲ. ಮರುದಿನ ಅವರೇ ಒಂದು ಟಾಲ್ಕಂ ಪೌಡರ್ ಡಬ್ಬಿ ತಂದು ಕೊಟ್ಟರು, ಚೀಲದ ಹತ್ತಿರ ಅಲ್ಲ, ದೂರ ನಿಂತು ಹಚ್ಚಿಕೋ ಅಂತ.

ಪಿವಿಆರ್_ಪ್ರಸನ್ನ
ಎಸ್‌ಜೆಪಿ ಎಲ್ಲಾ ಸರಿ ಸರ್. ಆದರೆ ಛಾಯಾಗ್ರಾಹಕ ವಿ.ಕೆ. ಮೂರ್ತಿ ಥರದ ದೊಡ್ಡವರೆಲ್ಲ ಪುಣೆ ಫಿಲ್ಮ್ ಇನ್‌ಸ್ಟಿಟ್ಯೂಟ್ ಎಫ್‌ಟಿಐಐಯಿಂದಲೇ ಬಂದವರು.

ಹಳೇ_ರೀಲು
ಅಲ್ಲಪ್ಪ. ಪುಣೆ ಇನ್‌ಸ್ಟಿಟ್ಯೂಟ್ ಶುರುವಾಗಿದ್ದೇ 1960ರಲ್ಲಿ. ಮೂರ್ತಿಯವರು ಗುರುದತ್ ಜೊತೆ 'ಕಾಗಜ್ ಕೆ ಫೂಲ್' ಸಿನಿಮಾಸ್ಕೋಪ್‌ನಲ್ಲಿ ತೆಗೆದು ಮುಗಿಸಿದ್ದು 1959ಕ್ಕೆ. ಮೈಸೂರಿನವರು, ಓದಿದ್ದು ನಮ್ಮ ಎಸ್‌ಜೆಪಿಯಲ್ಲಿ. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು, ಛಾಯಾಗ್ರಾಹಕರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಛಾಯಾಗ್ರಾಹಕ, ನಿರ್ದೇಶಕ ಗೋವಿಂದ ನಿಹಲಾನಿ ಕೂಡ ಎಸ್‌ಜೆಪಿಯವರೇ. ಓದು ಮುಗಿಸಿ ಹೋಗಿ ಮೂರ್ತಿಯವರ ಕೈಕೆಳಗೆ ಅಸಿಸ್ಟೆಂಟ್ ಆದರು. ಕಾಲೇಜಾ, ಸೆಟ್ಟಾ ಅಂತ ಜಗಳ ಆಡುವವರು ಇದನ್ನು ನೋಡಿ. ಅವರು ಎರಡನ್ನೂ ಮಾಡಿದರು.

ಪಿವಿಆರ್_ಪ್ರಸನ್ನ
ಗೊತ್ತಿರಲಿಲ್ಲ ಸರ್, ಥ್ಯಾಂಕ್ಸ್.

ಎಪಿಸೋಡ್_312
ಸೀರಿಯಲ್‌ನಲ್ಲಿ ಅಸೋಸಿಯೇಟ್ ಡೈರೆಕ್ಟರ್ ಆಗಿದ್ದೇನೆ. ಹೊಸಬರು ಸಿನಿಮಾ ಸಿನಿಮಾ ಅಂತಾರೆ. ಸೀರಿಯಲ್ ಅಂದರೆ ಮೂಗು ಮುರಿಯುತ್ತಾರೆ. ಸಿನಿಮಾ ಒಂದು ಶೆಡ್ಯೂಲ್ ಮುಗಿದ ಮೇಲೆ ಮುಂದಿನದು ಯಾವಾಗಲೋ. ನಮ್ಮಲ್ಲಿ ತಿಂಗಳಿಡೀ ಕೆಲಸ. ವಾರಕ್ಕೆ ಐದಾರು ಎಪಿಸೋಡ್ ಹೋಗಲೇಬೇಕು, ಬ್ಯಾಂಕಿಂಗ್, ಅಂದರೆ ಮೊದಲೇ ತೆಗೆದಿಟ್ಟ ಎಪಿಸೋಡ್, ಕಮ್ಮಿ ಆಯ್ತೋ, ಚಾನೆಲ್‌ನಿಂದ ಫೋನ್ ಬರುತ್ತದೆ. ಆರು ತಿಂಗಳು ಸೀರಿಯಲ್ ಸೆಟ್ಟಿನಲ್ಲಿ ನಿಂತವರು ಸಿನಿಮಾಗೆ ಹೋದರೆ "ಇಷ್ಟು ನಿಧಾನವಾ?" ಅನ್ನುತ್ತಾರೆ.

ಹೊಸಬರಿಗೆ ನಾನು ಮೊದಲು ಕೊಡುವುದು ಕಂಟಿನ್ಯೂಟಿ ಪುಸ್ತಕ. ಯಾಕೆ ಬೇಕು ಹೇಳುತ್ತೇನೆ ಕೇಳಿ. ಮನೆ ಬಾಗಿಲ ಹೊರಗೆ ನಿಂತ ಸೀನನ್ನು ಮಂಗಳವಾರ ಔಟ್‌ಡೋರ್‌ನಲ್ಲಿ ತೆಗೆಯುತ್ತೇವೆ. ಅದೇ ಪಾತ್ರ ಒಳಗೆ ಕಾಲಿಡುವ ಸೀನ್ ಮುಂದಿನ ಸೋಮವಾರ ಸೆಟ್ಟಿನಲ್ಲಿ. ತೆರೆ ಮೇಲೆ ಅದು ಒಂದೇ ಹೆಜ್ಜೆ. ಸೆರಗು ಯಾವ ಭುಜದ ಮೇಲೆ, ಪಿನ್ ಹಾಕಿತ್ತಾ, ಬಳೆ ಎಷ್ಟು, ಕುಂಕುಮ ಉದ್ದವಾ ದುಂಡಗಾ, ತರಕಾರಿ ಚೀಲ ಯಾವ ಕೈಯಲ್ಲಿ, ಚೀಲದಿಂದ ಹೊರಗೆ ಕಾಣುತ್ತಿದ್ದದ್ದು ನುಗ್ಗೆಕಾಯಾ, ಹಾಗಲಕಾಯಾ. ಎಲ್ಲಾ ಬರೆಯಬೇಕು, ಫೋಟೋನೂ ತೆಗೆಯಬೇಕು. ಒಂದು ಸಲ ನಮ್ಮ ಅತ್ತೆ ಪಾತ್ರದವರು ಅಳುತ್ತಾ ಒಳಗೆ ಬರುವಾಗ ಬಿಸ್ಲೇರಿ ಬಾಟಲಿ ಹಿಡಿದುಕೊಂಡೇ ಬಂದರು. ಹೊರಗೆ ಇದ್ದದ್ದು ಹೂವಿನ ಬುಟ್ಟಿ. ಮಾನಿಟರ್ ಮುಂದೆ ಐದು ಜನ ಇದ್ದೆವು, ಐದೂ ಜನ ಅಳು ನೋಡುತ್ತಿದ್ದೆವು! ಟೆಲಿಕಾಸ್ಟ್ ಆದ ರಾತ್ರಿ ನಮ್ಮ ಅತ್ತಿಗೆ ಫೋನ್ ಮಾಡಿ ಹೇಳಿದರು.

ಅರಸೀಕೆರೆ_ಅಕ್ಕ
ಅಯ್ಯೋ ಇದು ನಮ್ಮ ಅಮ್ಮನ ಕೆಲಸ! 2009ರಲ್ಲಿ ಬಾಣಾವರದ ಮದುವೆಗೆ ಯಾವ ಚಿಕ್ಕಮ್ಮ ಯಾವ ಸೀರೆ ಉಟ್ಟಿದ್ದರು ಅಂತ ಇವತ್ತಿಗೂ ಹೇಳುತ್ತಾರೆ. ತಂಗಿನೂ ಹಾಗೇ. ಮನೆಯಲ್ಲಿ ಯಾರಾದರೂ ಏನಾದರೂ ಜರುಗಿಸಿದರೆ ಬಂದ ಕೂಡಲೇ ಕಂಡುಹಿಡಿಯುತ್ತಾಳೆ. ಇದಕ್ಕೂ ಸಂಬಳ ಕೊಡುತ್ತಾರಾ?

ಎಪಿಸೋಡ್_312
ಕೊಡುತ್ತಾರೆ ಅಕ್ಕ. ಶುರುವಿನಲ್ಲಿ ಬಸ್ಸು, ಪಿಜಿ ಲೆಕ್ಕ ಹಾಕಿದರೆ ಏನೂ ಉಳಿಯಲ್ಲ, ಅದನ್ನು ಮುಚ್ಚಿಡಲ್ಲ. ನನಗೆ ಮೊದಲ ಆರು ತಿಂಗಳು ಸಿಕ್ಕಿದ್ದು ಊಟ ಮತ್ತು ಬಾಟಾ (ದಿನದ ಭತ್ಯೆ). ಬೆಂಗಳೂರಿನಲ್ಲಿ ಒಂದು ವರ್ಷ ಮನೆಯಿಂದ ಸಹಾಯ ಮಾಡಲು ಆಗುತ್ತದಾ ಅಂತ ಅಪ್ಪನ ಹತ್ತಿರ ಮೊದಲೇ ಕೂತು ಮಾತಾಡಿ. ಆ 2.8 ಲಕ್ಷದಲ್ಲಿ ಅರ್ಧ ಅದಕ್ಕೆ ಇಟ್ಟುಕೊಂಡರೂ ನಡೆಯುತ್ತದೆ.

ಗಾಂಧಿನಗರ_ಗಿರಾಕಿ
ಬಾಟಾ ಸಿಕ್ಕಿದ್ದೇ ಪುಣ್ಯ. ನನಗೆ ಒಂದು ಸಿನಿಮಾದಲ್ಲಿ "ಟೈಟಲ್ ಕಾರ್ಡ್‌ನಲ್ಲಿ ಹೆಸರು ಹಾಕ್ತೀವಿ" ಅಂತ 70 ದಿನ ದುಡಿಸಿಕೊಂಡರು. ಹೆಸರು ಬಂತು, ಕಾಗುಣಿತ ತಪ್ಪಾಗಿ.

ಬೂಮ್_ಬಸು
ಎಲ್ಲಾರೂ ಕ್ಯಾಮೆರಾ, ಡೈರೆಕ್ಷನ್ ಅಂತ ಓಡ್ತಾರ. ಸೌಂಡ್ ಕಡೆ ಬರ್ರಿ, ಜನ ಕಮ್ಮಿ ಅದಾರ. ಮೊದಲೆಲ್ಲ ಪೂರ್ತಿ ಡಬ್ಬಿಂಗ್ ಇತ್ತು, ಸೆಟ್ಟಿನಾಗ ಏನು ಗದ್ದಲ ಆದ್ರೂ ನಡೀತಿತ್ತು. ಈಗ ಸಿಂಕ್ ಸೌಂಡ್, ಅಂದ್ರ ಸೆಟ್ಟಿನಾಗೇ ಮಾತು ರೆಕಾರ್ಡ್ ಮಾಡೂದು, ಬೇಕು ಅನ್ನೋ ಡೈರೆಕ್ಟರುಗಳು ಜಾಸ್ತಿ ಆಗ್ಯಾರ.

ಒಂದು ಕಥಿ ಹೇಳ್ತೀನಿ. ತೀರ್ಥಹಳ್ಳಿ ಕಡೆ ಒಂದು ಮನಿಯೊಳಗ ಶೂಟಿಂಗ್. ಫ್ರಿಜ್ ಗುಂಯ್ ಅಂತಿತ್ತು, ಸ್ವಿಚ್ ಆಫ್ ಮಾಡಿದೆ. ಪ್ಯಾಕಪ್ ಆಗಿ ಹಂಗೇ ಹೊಂಟುಬಂದೆ. ಮರುದಿನ ಹೋದ್ರ ಮನಿ ಅಜ್ಜಿ ಬಾಗಿಲಾಗೇ ನಿಂತಾರ. ಹಾಲು ಒಡದೈತಿ, ಮಗಳು ಮುಂಬೈಗೆ ಒಯ್ಯಬೇಕಂತ ಇಟ್ಟಿದ್ದ ಬಂಗುಡೆ ಮೀನು ಕೆಟ್ಟೈತಿ. ಪ್ರೊಡಕ್ಷನ್ ಮ್ಯಾನೇಜರ್ ಮೀನಿನ ರೊಕ್ಕ ನನ್ನ ಬಾಟಾದಾಗ ಮುರ್ಕೊಂಡ. ಅವತ್ತಿಂದ ಫ್ರಿಜ್ ಆಫ್ ಮಾಡಿದ್ರ ನನ್ನ ಬೈಕ್ ಚಾವಿ ಅದರೊಳಗ ಇಡ್ತೀನಿ. ಚಾವಿ ಇಲ್ಲದ ಮನಿಗೆ ಹೋಗೂದು ಹೆಂಗ?

ತಂಗಿಗೆ ಹೇಳ್ರಿ: ಯಾವುದೇ ಜಾಗಕ್ಕ ಹೋದ್ರೂ ಕಣ್ಣು ಮುಚ್ಚಿ ಒಂದು ನಿಮಿಷ ಕೂಡಬೇಕು. ಎಷ್ಟು ಸದ್ದು ಕೇಳ್ತಾವ ಬರಕೋಬೇಕು. ಫ್ಯಾನು, ಟ್ಯೂಬ್‌ಲೈಟು, ದೂರದ ಗಿರಣಿ. ಮಲೆನಾಡಾಗ ಜೀರುಂಡೆ ಒಂದು ಟೇಕಿಗೆ ಕೂಗ್ತಾವ, ಇನ್ನೊಂದು ಟೇಕಿಗೆ ಗಪ್ ಆಗ್ತಾವ. ಎಡಿಟ್ ಮಾಡುವಾಗ ಎರಡೂ ಶಾಟ್ ಜೋಡಿಸಿದ್ರ ಕಟ್ ಕಿವಿಗೆ ಹೊಡಿತೈತಿ. ಅದಕ್ಕ ಪ್ಯಾಕಪ್ ಮುಂಚೆ ಎಲ್ಲಾರನ್ನೂ ಸುಮ್ನೆ ನಿಲ್ಲಿಸಿ ಒಂದು ನಿಮಿಷ ರೂಮ್ ಟೋನ್, ಅಂದ್ರ ಆ ಜಾಗದ ಬರೀ ಸದ್ದು, ರೆಕಾರ್ಡ್ ಮಾಡ್ತೀವಿ. ಆ ಒಂದು ನಿಮಿಷ ಎಂಬತ್ತು ಮಂದಿ ಸುಮ್ನಿರೂದು ನೋಡಬೇಕ್ರಿ ನೀವು, ಲಗ್ನದಾಗ ಮುಹೂರ್ತಕ್ಕೂ ಅಷ್ಟು ಗಪ್ ಇರೂದಿಲ್ಲ.

ಕೊಡಗೀಹಳ್ಳಿ_ಕುಮಾರ
ತೀರ್ಥಹಳ್ಳಿಯಿಂದ ಮುಂಬೈಗೆ ಬಂಗುಡೆ ಯಾಕೆ ಒಯ್ಯಬೇಕು? ಮುಂಬೈನಲ್ಲಿ ಸಮುದ್ರ ಇಲ್ವಾ?

ಚಿಟ್ಟಿ_ಬಣ್ಣ
ಹುರಿದು ಮಸಾಲೆ ಹಾಕಿಟ್ಟದ್ದು ಇರಬೇಕು ಮಾರಾಯ್ರೇ. ಅದು ಮುಂಬೈಯಲ್ಲಿ ಸಿಗುವುದಿಲ್ಲ.

ನಾನು ಮೇಕಪ್ ಕೆಲಸದವ, ಉಡುಪಿ ಕಡೆ. ಯಕ್ಷಗಾನದ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಕಲಿತದ್ದು. ಬಣ್ಣದ ವೇಷಕ್ಕೆ ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚಿಟ್ಟಿ ಇಡುತ್ತಾರೆ. ಒಂದೊಂದೇ ಚುಕ್ಕಿ, ಗಂಟೆಗಟ್ಟಲೆ ಹಿಡಿಯುತ್ತದೆ. ಆ ತಾಳ್ಮೆ ಇದ್ದದ್ದಕ್ಕೆ ಸಿನಿಮಾದಲ್ಲಿ ಸುಟ್ಟ ಗಾಯ, ಹೊಲಿಗೆ ಎಲ್ಲ ಬೇಗ ಕೈಹಿಡಿಯಿತು. ಆದರೆ ಒಂದು ಕಲಿಯಲು ಕಷ್ಟ ಆಯಿತು. ರಂಗದಲ್ಲಿ ಹಿಂದಿನ ಸಾಲಿನವರಿಗೂ ಕಾಣಬೇಕು. ಕ್ಯಾಮೆರಾ ಎದುರು ಬಣ್ಣ ಹಚ್ಚಿದ್ದೇ ಗೊತ್ತಾಗಬಾರದು. ಮೊದಲ ದಿನ ನಾನು ಹೀರೋಗೆ ಹಚ್ಚಿದ್ದು ನೋಡಿ ಕ್ಯಾಮೆರಾಮನ್ "ಇವರು ದುಃಶಾಸನ ಮಾಡ್ತಾರಾ?" ಅಂತ ಕೇಳಿದರು.

ನಾಟಕದ ದಾರಿಯನ್ನೂ ಮರೆಯಬೇಡಿ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಇದೆ. ಅಲ್ಲಿ ನಟನೆ ಒಂದೇ ಅಲ್ಲ, ಬೆಳಕು, ರಂಗಸಜ್ಜಿಕೆ, ಪ್ರಸಾಧನ ಎಲ್ಲದಕ್ಕೂ ಕೈ ಹಾಕಿಸುತ್ತಾರೆ. "ಎಲ್ಲಾ" ಬೇಕು ಅನ್ನುವ ಹುಡುಗಿಗೆ ಅದೇ ಸರಿ ಎಂದು ನನ್ನ ಲೆಕ್ಕ.

ಟೈಮ್‌ಲೈನ್_ತಿಮ್ಮ
ಇದು ಒಳ್ಳೇ ಮಾತು. ನನಗೆ ಹೊಳೆದಿರಲಿಲ್ಲ.

ಸೂಜಿದಾರ
ಹುಡುಗಿ ಅಂತ ಯಾರೂ ಆ ವಿಷಯ ಎತ್ತಲೇ ಇಲ್ಲವಲ್ಲ, ಎಲ್ಲಾ ಗಂಡಸರೇ ಇದ್ದೀರಾ? ನಾನು ಕಾಸ್ಟ್ಯೂಮ್ ಅಸಿಸ್ಟೆಂಟ್, ಏಳು ವರ್ಷ ಆಯಿತು. ಅಕ್ಕ, ಯಾವ ಪ್ರಾಜೆಕ್ಟ್ ಒಪ್ಪುವ ಮುಂಚೆಯೂ ಪ್ರೊಡಕ್ಷನ್ ಮ್ಯಾನೇಜರ್‌ಗೆ ಮೂರು ಪ್ರಶ್ನೆ ಕೇಳಲು ಹೇಳಿ. ಶೌಚಾಲಯ ಎಲ್ಲಿ? ರಾತ್ರಿ ಪ್ಯಾಕಪ್ ಆದರೆ ಮನೆವರೆಗೆ ಗಾಡಿ ಇದೆಯಾ? ಔಟ್‌ಡೋರ್‌ನಲ್ಲಿ ರೂಮು ಯಾರ ಜೊತೆ? ಕೇಳಿದರೆ ಕೆಲಸ ಹೋಗುತ್ತೆ ಅಂತ ನಾನೂ ಹೆದರುತ್ತಿದ್ದೆ. ಹಾಸನದ ಹತ್ತಿರ ಹೊಲದಲ್ಲಿ ಬೆಳಿಗ್ಗೆ ಆರರಿಂದ ಸಂಜೆ ನಾಲ್ಕರವರೆಗೆ ನೀರು ಕುಡಿಯದೇ ನಿಂತು, ಆಮೇಲೆ ಮೂತ್ರದ ಸೋಂಕು ಬಂದು ಹತ್ತು ದಿನ ಮಲಗಿದ ಮೇಲೆ ಹೆದರಿಕೆ ಬಿಟ್ಟೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಬೇಕು ಅಂತ 2013ರ ಕಾನೂನೇ ಇದೆ. ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳಿದರೆ ಯಾರೂ ಬೈಯುವ ಹಾಗಿಲ್ಲ.

ಇನ್ನು ಕೆಲಸದ ಬಗ್ಗೆ. ಕಾಸ್ಟ್ಯೂಮ್ ಅಂದರೆ ಫ್ಯಾಷನ್ ಅಂದುಕೊಂಡು ಬರುತ್ತಾರೆ. ನನ್ನ ಅರ್ಧ ಟೈಮು ಹೊಸ ಬಟ್ಟೆ ಹಳೇದು ಮಾಡುವುದರಲ್ಲೇ ಹೋಗುತ್ತದೆ. ಚಹಾ ಡಿಕಾಕ್ಷನ್‌ನಲ್ಲಿ ನೆನೆಸು, ಕಾಲರ್‌ಗೆ ಸ್ಯಾಂಡ್‌ಪೇಪರ್ ಉಜ್ಜು, ಮೊಣಕೈ ಹತ್ತಿರ ದಾರ ಎಳೆ. ಫೈಟ್ ಸೀನ್ ಇದ್ದರೆ ಒಂದೇ ಥರದ ಅಂಗಿ ನಾಲ್ಕೈದು ಬೇಕು, ಎಲ್ಲದರಲ್ಲೂ ಹರಿದ ಜಾಗ ಒಂದೇ ಕಡೆ. ಬಟ್ಟೆ ಹೊಲಿಯಲು ಬರುವ ಹುಡುಗಿಗೆ ಈ ಡಿಪಾರ್ಟ್‌ಮೆಂಟಿನಲ್ಲಿ ಎರಡನೇ ದಿನವೇ ಮರ್ಯಾದೆ. ಊರಿನ ಟೈಲರ್ ಹತ್ತಿರ ಮೂರು ತಿಂಗಳು ಕೂತರೆ ಸಾಕು.

ಹೆಚ್‌ಎಂಐ_ಹನುಮ
ಲೈಟ್ ಯೂನಿಟ್‌ನವನು. ಒಂದೇ ಮಾತು. ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಲೈಟು ಮುಟ್ಟಬೇಡಿ. ಎಲ್ಲಾರೂ ಸೆಲ್ಫಿ ತೆಗೆಯೋಕೆ ಸ್ಟ್ಯಾಂಡ್ ಹಿಡ್ಕೊಂಡು ನಿಲ್ತಾರೆ.

ಪಿವಿಆರ್_ಪ್ರಸನ್ನ
ತಾಂತ್ರಿಕ ಪ್ರಶ್ನೆ. ನಾನು ಶಾರ್ಟ್ ಫಿಲ್ಮ್ ಮಾಡಿದೆ, ಟ್ಯೂಬ್‌ಲೈಟ್ ಇರುವ ರೂಮಿನಲ್ಲಿ ಚಿತ್ರ ಮಿಣಮಿಣ ಅನ್ನುತ್ತಿದೆ. 24 ಫ್ರೇಮ್, ಶಟರ್ 1/60 ಇಟ್ಟಿದ್ದೆ. ಕ್ಯಾಮೆರಾ ಹಾಳಾಗಿದೆಯಾ?

ಹಳೇ_ರೀಲು
ಕ್ಯಾಮೆರಾ ಸರಿ ಇದೆ, ಶಟರ್ ತಪ್ಪು. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟ್ ಅದರ ಲೆಕ್ಕಕ್ಕೇ ಮಿನುಗುತ್ತದೆ. 1/50 ಇಡು. ಶಟರ್ ಆಂಗಲ್ ಇರುವ ಕ್ಯಾಮೆರಾ ಆದರೆ 172.8 ಡಿಗ್ರಿ. 1/60 ಇಡೋದು ಅಮೆರಿಕದ ಯೂಟ್ಯೂಬ್ ನೋಡಿ ಕಲಿತದ್ದು ತಾನೇ? ಅಲ್ಲಿ ಕರೆಂಟು 60 ಹರ್ಟ್ಸ್.

ಪಿವಿಆರ್_ಪ್ರಸನ್ನ
ಎರಡನೇ ಸಲ ಸಿಕ್ಕಿಬಿದ್ದೆ.

ವೆಂಕಿ_ವ್ಯಾಂಕೂವರ್
ವಿಎಫ್‌ಎಕ್ಸ್ (ಕಂಪ್ಯೂಟರ್ ಗ್ರಾಫಿಕ್ಸ್) ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ. ನಾನು ಬೆಂಗಳೂರಿನಲ್ಲೇ ರೋಟೋ ಆರ್ಟಿಸ್ಟ್ ಆಗಿ ಶುರು ಮಾಡಿದವನು. ರೋಟೋ ಅಂದರೆ ಪಾತ್ರದ ಅಂಚನ್ನು ಫ್ರೇಮ್ ಫ್ರೇಮ್‌ಗೂ ಬಿಡಿಸುವುದು. ಐದು ಸೆಕೆಂಡಿನ ಶಾಟ್ ಅಂದರೆ 120 ಫ್ರೇಮ್. ಕೂದಲು ಹಾರುತ್ತಿದ್ದರೆ ದೇವರೇ ಗತಿ. ಎಸಿ ರೂಮು, ಸಂಬಳ ತಿಂಗಳಿಗೆ ಸರಿಯಾಗಿ. ಆದರೆ ಅದೂ ಭದ್ರ ಅಂದುಕೊಳ್ಳಬೇಡಿ. 2025ರ ಶುರುವಿನಲ್ಲಿ ಬೆಂಗಳೂರಿನ ಒಂದು ದೊಡ್ಡ ಕಂಪನಿ ಮುಚ್ಚಿದಾಗ ನನ್ನ ಹಳೇ ಗೆಳೆಯರು ಎಷ್ಟೋ ಜನ ಬೀದಿಗೆ ಬಂದರು. ರೋಟೋ ಕೆಲಸವನ್ನು ಈಗ ಎಐ ಕೂಡ ತಿನ್ನುತ್ತಿದೆ. ಈಗ ಕಲಿಯುವುದಾದರೆ ಕಾಂಪೋಸಿಟಿಂಗ್‌ವರೆಗೆ (ಬೇರೆ ಬೇರೆ ಚಿತ್ರ ಸೇರಿಸಿ ಒಂದೇ ಶಾಟ್ ಮಾಡುವುದು) ಹೋಗಿ, ರೋಟೋದಲ್ಲೇ ನಿಲ್ಲಬೇಡಿ.

ಗಾಂಧಿನಗರ_ಗಿರಾಕಿ
ಒಟ್ಟಿನಲ್ಲಿ ಎಲ್ಲಾ ಕಡೆ ಗೋತಾ. ಇಂಜಿನಿಯರಿಂಗ್ ಮಾಡಿಸಿ.

ಎಪಿಸೋಡ್_312
ನೀವು ಇಪ್ಪತ್ತು ವರ್ಷದಿಂದ ಇದೇ ಹೇಳುತ್ತಾ ಇದೇ ಕೆಲಸದಲ್ಲಿ ಇದ್ದೀರಲ್ಲ ಅಣ್ಣ.

ಗಾಂಧಿನಗರ_ಗಿರಾಕಿ
ಬೇರೆ ಏನೂ ಬರಲ್ಲವಲ್ಲಪ್ಪ. ಅಂದಹಾಗೆ ಆ ಸೆಸ್ ಕಾನೂನು ಏನಾಯ್ತು? 2024ರಲ್ಲಿ ವಿಧಾನಮಂಡಲದಲ್ಲಿ ಪಾಸಾಯಿತಲ್ಲ, ಟಿಕೆಟ್ ಮೇಲೆ, ಒಟಿಟಿ ಚಂದಾ ಮೇಲೆ 1ರಿಂದ 2 ಪರ್ಸೆಂಟ್ ತೆಗೆದು ಸಿನಿ ಕಾರ್ಮಿಕರ ಕ್ಷೇಮನಿಧಿಗೆ ಅಂತ. ನನಗೆ ಮಂಡಿ ಆಪರೇಷನ್ ಇದೆ.

ಸೂಜಿದಾರ
ಅದಕ್ಕೆ ಬೇರೆ ಥ್ರೆಡ್ ಹಾಕಿ ಅಣ್ಣ, ಇಲ್ಲಿ ಶುರುವಾದರೆ ಮುಗಿಯಲ್ಲ. ಯೂನಿಯನ್ ಕಾರ್ಡು ಇದೆ ತಾನೇ?

ಅರಸೀಕೆರೆ_ಅಕ್ಕ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ದುಡ್ಡು ಕಟ್ಟಲಿಲ್ಲ. ಸೋಮವಾರ ಕಳೆದ ಮೇಲೂ ದಿನಾ ಫೋನ್ ಮಾಡುತ್ತಿದ್ದಾರೆ, ಡಿಸ್ಕೌಂಟ್ ಈಗ ಇನ್ನೂ ಜಾಸ್ತಿ ಆಗಿದೆ. ರಜೆಯಲ್ಲಿ ಅವಳಿಗೆ ಮನೆಯಲ್ಲೇ ಮಾಡಲು ಏನಾದರೂ ಕೆಲಸ ಹೇಳಿ. ಫೋನ್ ಮತ್ತು ಒಂದು ಹಳೇ ಲ್ಯಾಪ್‌ಟಾಪ್ ಇದೆ.

ಟೈಮ್‌ಲೈನ್_ತಿಮ್ಮ
ಮೂರು ನಿಮಿಷದ್ದು ಒಂದು ಮಾಡಲಿ. ವಿಷಯ: ನಿಮ್ಮ ಅಪ್ಪ ಕೊಬ್ಬರಿ ಒಡೆಯುವುದು. ಮಾತು ಬೇಡ, ಮ್ಯೂಸಿಕ್ ಬೇಡ. ಶಾಟ್ ಮತ್ತು ಅಲ್ಲಿನ ಸದ್ದು ಅಷ್ಟೇ. ಡಾವಿಂಚಿ ರಿಸಾಲ್ವ್ ಫ್ರೀ ಸಿಗುತ್ತದೆ, ಹಳೇ ಲ್ಯಾಪ್‌ಟಾಪ್ ಎಳೆಯದಿದ್ದರೆ ಫೋನಿನಲ್ಲೇ ಎಡಿಟ್ ಮಾಡಲಿ. ಆದರೆ ಶೂಟ್ ಮಾಡಿದ ದಿನವೇ ಎಲ್ಲವನ್ನೂ ಎರಡು ಕಡೆ ಕಾಪಿ ಮಾಡಿ, ತೆರೆದು ನೋಡಿ, ಆಮೇಲೆ ಫೋನಿನಿಂದ ಅಳಿಸಲಿ. ಈ ಅಭ್ಯಾಸ ಇಲ್ಲದವರನ್ನು ಡೇಟಾ ಕೆಲಸಕ್ಕೆ ಯಾರೂ ಸೇರಿಸಲ್ಲ. ಒಬ್ಬ ಹುಡುಗ ಕಾಪಿ ಆಗಿದೆ ಅಂದುಕೊಂಡು ಕಾರ್ಡ್ ಫಾರ್ಮ್ಯಾಟ್ ಮಾಡಿ ಅರ್ಧ ದಿನದ ಶೂಟಿಂಗ್ ಕಳೆದ. ಆ ಹುಡುಗ ನಾನೇ.

ಬೂಮ್_ಬಸು
ಕೊಬ್ಬರಿ ಒಡಿಯೂ ಸದ್ದು ಬ್ಯಾರೆ ರೆಕಾರ್ಡ್ ಮಾಡಿ ಕಳಸ್ರಿ. ಫೋನ್ ಹತ್ರ ಇಡಬೇಕು, ಗಾಳಿಗೆ ಅಡ್ಡ ಒಂದು ಕಾಲುಚೀಲ ಸುತ್ತಿ.

ಅರಸೀಕೆರೆ_ಅಕ್ಕ
ಎರಡು ವಾರ ಆಯಿತು, ಸುದ್ದಿ ಹೇಳುತ್ತೇನೆ. ಹೆಸರಘಟ್ಟಕ್ಕೆ ಹೋಗಿ ಬಂದೆವು, ಸೌಂಡ್‌ಗೆ ಅರ್ಜಿ ಹಾಕುತ್ತಾಳೆ. ಸಿಗದಿದ್ದರೆ ಹೆಗ್ಗೋಡು ಅಂದಿದ್ದಾಳೆ. ಕೊಬ್ಬರಿ ವಿಡಿಯೋ ಮುಗಿದಿದೆ. ಮೊದಲ ಸಲ ತೋರಿಸಿದಾಗ ಅಪ್ಪ ನೋಡಿ, "ಮೊದಲನೇ ಶಾಟ್‌ನಲ್ಲಿ ಟವಲ್ ಎಡ ಹೆಗಲ ಮೇಲಿತ್ತು, ಒಡೆಯುವಾಗ ಬಲಕ್ಕೆ ಹೋಗಿದೆ" ಅಂದರು. ಅವಳು ಮತ್ತೆ ಒಂದು ಚೀಲ ಕಾಯಿ ಒಡೆಸಿದಳು.

ಈಗ ಸಮಸ್ಯೆ ಏನಂದ್ರೆ, ಅಪ್ಪ ದಿನಾ ರಾತ್ರಿ ಅಮ್ಮನ ಪಕ್ಕ ಸೀರಿಯಲ್ ನೋಡಲು ಕೂರುತ್ತಾರೆ, ಒಂದು ನೋಟ್‌ಬುಕ್ ಇಟ್ಟುಕೊಂಡು. ನಿನ್ನೆ ಒಂದೇ ಎಪಿಸೋಡಿನಲ್ಲಿ ಏಳು ತಪ್ಪು ಬರೆದಿದ್ದಾರೆ. ಗೋಡೆ ಗಡಿಯಾರ ಹಿಂದಕ್ಕೆ ಓಡಿದೆಯಂತೆ. ಅಮ್ಮನಿಗೆ ಒಂದು ಡೈಲಾಗೂ ಕೇಳಿಸಿಲ್ಲ.

ಎಪಿಸೋಡ್_312
ಯಾವ ಸೀರಿಯಲ್? ಅಥವಾ ಬೇಡ, ಹೇಳಬೇಡಿ ಅಕ್ಕ.

ಅರಸೀಕೆರೆ_ಅಕ್ಕ
ಎಂಟು ಗಂಟೆಯದು.

ಎಪಿಸೋಡ್_312
ಸತ್ತೆ.